ಇನ್ನೂರ ಇಪ್ಪತ್ತು ಗ್ರಾಂ ಮಸಿ

ನೀವು ಯಾರನ್ನಾದರೂ ಕಳ್ಳನೆಂದು ಕರೆದಾಗ ಸುತ್ತ ಎಷ್ಟು ಜನ ನಿಂತಿದ್ದರು, ಆಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಾಗ ಎಷ್ಟು ಜನ ನಿಂತಿದ್ದರು ಎಂದು ಎಂದಾದರೂ ಎಣಿಸಿದ್ದೀರಾ? ಎಣಿಸಿರಲಾರಿರಿ. ಕರೆಯುವುದಕ್ಕೆ ನಿಮಗೆ ಬೀದಿಯೇ ಬೇಕು. ಹಿಂತೆಗೆದುಕೊಳ್ಳುವುದಕ್ಕೆ ಮಾತ್ರ ಬಾಗಿಲ ಸಂದು ಸಾಕು, ಫೋನಿನಲ್ಲೊಂದು ಅರ್ಧ ನಗೆ ಸಾಕು. ಯೋಗನರಸಿಂಹರು ಎಣಿಸಿದ್ದರು. ಸೋಮವಾರ ಬೆಳಿಗ್ಗೆ ತುಮಕೂರಿನ ಗುಬ್ಬಿ ಗೇಟಿನ ಹತ್ತಿರ, ಭದ್ರಮ್ಮನ ಟೀ ಅಂಗಡಿಯ ಮುಂದೆ, ಅವರು ಮೆಕ್ಯಾನಿಕ್ ನೂರ್ ಅಹಮದರನ್ನು ಕಳ್ಳನೆಂದು ಕರೆದಾಗ ಭದ್ರಮ್ಮನೂ ಸೇರಿ ಏಳು ಜನರಿದ್ದರು. ಎಣಿಸಬೇಕೆಂದು ಎಣಿಸಿದ್ದಲ್ಲ. ಎಣಿಸುವುದು, ಅಳೆಯುವುದು, ತೂಗುವುದು ಅವರಿಗೆ ಉಸಿರಾಟವಿದ್ದ ಹಾಗೆ. ಮೂವತ್ತೆರಡು ವರ್ಷ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿ ಗುಬ್ಬಿ, ಕುಣಿಗಲ್, ತುಮಕೂರಿನ ಸಂತೆ ಸಂತೆಗಳಲ್ಲಿ ತಕ್ಕಡಿಗಳ ಬೆನ್ನು ತಿರುವಿ ನೋಡಿದವರು, ನಿವೃತ್ತರಾದ ಮೇಲೂ ಗ್ಯಾಸ್ ಸಿಲಿಂಡರನ್ನು ತೂಗದೆ ಹೊಸ್ತಿಲು ದಾಟಿಸಿದವರಲ್ಲ. ತಂಗಿಯ ಮೊಮ್ಮಗು ಹುಟ್ಟಿದಾಗ ಚೀಟಿಯಲ್ಲಿ ಬರೆದ ತೂಕವನ್ನು ನಂಬದೆ, ಕೂಸನ್ನು ಪಂಚೆಯಲ್ಲಿ ಸುತ್ತಿ ತಕ್ಕಡಿಯ ಕೊಕ್ಕೆಗೆ ಹಾಕಲು ಹೊರಟಿದ್ದರೆಂದು ಅವರ ಹೆಂಡತಿ ಕಮಲಾಕ್ಷಮ್ಮ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಬುಧವಾರ ಬೆಳಿಗ್ಗೆ ಅವರು ಅದೇ ತೂಗುತಕ್ಕಡಿಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಾಗ ಕಮಲಾಕ್ಷಮ್ಮ ಅಡುಗೆಮನೆಯಿಂದಲೇ ಕೇಳಿದರು. "ರೀ, ತಕ್ಕಡಿ ಹಿಡ್ಕೊಂಡು ಬೆಳಿಗ್ಗೆ ಬೆಳಿಗ್ಗೇನೇ ಎಲ್ಲಿಗೆ ಹೊರಟ್ರಿ?"

"ಗ್ಯಾರೇಜಿಗೆ."

"ನೂರ್ ಸಾಬ್ರನ್ನ ತೂಗಕ್ಕೆ ಅದು ಸಾಲದು ಬಿಡಿ. ಅವರು ತೊಂಬತ್ತು ಕೇಜಿ ಇದಾರೆ, ನಿಮ್ಮ ತಕ್ಕಡಿ ಐವತ್ತಕ್ಕೇ ಸುಸ್ತಾಗುತ್ತೆ."

ಯೋಗನರಸಿಂಹರು ನಗಲಿಲ್ಲ. ನಗಲು ಬಾಯಿ ತೆರೆದರೆ ಒಳಗಿರುವುದು ಹೊರಗೆ ಬಂದುಬಿಟ್ಟೀತೆಂಬ ಅಂಜಿಕೆ. ಒಳಗಿದ್ದದ್ದು ಇಷ್ಟೇ: ಹಿಂದಿನ ರಾತ್ರಿ ದೇವರ ದೀಪದ ಮುಂದೆ ಕೈ ಮುಗಿದಾಗ, ತಮ್ಮ ಕಾರಿನ ಹೊಟ್ಟೆಯಲ್ಲಿರುವ ಹೊಗೆಯ ಡಬ್ಬಿ ಖಾಲಿಯಿರಲಿ ಎಂದು ಅವರು ಬೇಡಿಕೊಂಡಿದ್ದರು. ಹನ್ನೊಂದು ವರ್ಷದ ಪರಿಚಯದ ಮನುಷ್ಯ ಕಳ್ಳನಾಗಿರಲಿ, ನನ್ನ ಮಾತು ನಿಜವಾಗಲಿ ಎಂದು. ಬೇಡಿಕೊಂಡ ಮೇಲೆ ಅದು ಎಂಥ ಬೇಡಿಕೆಯೆಂದು ಹೊಳೆದು, ದೀಪದ ಬತ್ತಿಯನ್ನು ಸುಮ್ಮನೆ ಸರಿಪಡಿಸಿ, ಏನೂ ಆಗದವರಂತೆ ಎದ್ದು ಬಂದಿದ್ದರು. ಈಗ ರಸ್ತೆಯಲ್ಲಿ ನಡೆಯುತ್ತಿದ್ದಾಗ ಚೀಲದೊಳಗಿನ ಕೊಕ್ಕೆ ಹೆಜ್ಜೆಗೊಮ್ಮೆ ಮೊಳಕಾಲಿಗೆ ಬಡಿಯುತ್ತಿತ್ತು, ತರಗತಿಯಲ್ಲಿ ಹಿಂದೆ ಕೂತ ತುಂಟ ಹುಡುಗ ಪೆನ್ಸಿಲಿನಿಂದ ತಿವಿಯುವಂತೆ. ನಡೆಯಬೇಕಾಗಿ ಬಂದದ್ದೂ ಕಾರಿನಿಂದಲೇ. ಐದು ವರ್ಷದ ಡೀಸೆಲ್ ಕಾರು, ಮೈಮೇಲೊಂದು ಗೀರಿಲ್ಲ, ಎರಡು ತಿಂಗಳಿಂದ ಅದಕ್ಕೆ ಏನೋ ಆಗಿತ್ತು. ಕಾಲು ಒತ್ತಿದರೆ ನರಳುತ್ತಿತ್ತೇ ಹೊರತು ಮುಂದಕ್ಕೆ ಹೋಗುತ್ತಿರಲಿಲ್ಲ. ಹಿಂದಿನಿಂದ ಕಪ್ಪು ಹೊಗೆ. ಕಳೆದ ವಾರ ಮೇಲುಸೇತುವೆ ಹತ್ತುವಾಗ ಎರಡು ಮೂಟೆ ತೆಂಗಿನಕಾಯಿ ಹೇರಿಕೊಂಡ ಮೊಪೆಡ್ಡೊಂದು ಅವರನ್ನು ಹಿಂದೆ ಹಾಕಿ, ಅದರ ಸವಾರ ತಿರುಗಿ ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿ ಹೋಗಿದ್ದ. ಆ ತಲೆಯಾಡಿಸುವಿಕೆ ಇನ್ನೂ ಅವರ ಎದೆಯ ಮೇಲೆ ಕೂತಿತ್ತು.

ಆ ಮೊಪೆಡ್ಡಿನ ಮಾರನೆಯ ದಿನವೇ ಅವರು ಪತ್ರಿಕೆಯಲ್ಲಿ ಓದಿದ್ದು, ಕಾರಿನ ಹೊಗೆಯನ್ನು ತೊಳೆದು ಬಿಡುವ ಕನ್ವರ್ಟರ್ ಎಂಬ ಡಬ್ಬಿಯೊಳಗೆ ಬೆಲೆಬಾಳುವ ಲೋಹ ಸವರಿದ ಜೇನುಗೂಡಿನಂಥ ಜಾಲರಿ ಇರುತ್ತದೆ, ಕಳ್ಳರು ಅದನ್ನು ಕೊಯ್ದು ಒಯ್ಯುತ್ತಾರೆ ಎಂದು. ಓದಿದ ಕೂಡಲೇ ಕಣ್ಣ ಮುಂದೆ ಬಂದದ್ದು ಹೋದ ಜನವರಿ. ಕ್ಲಚ್ ಬದಲಾಯಿಸಲು ನೂರ್ ಅಹಮದರು ಆ ಡಬ್ಬಿಯನ್ನು ಬಿಚ್ಚಿ ಕೆಳಗಿಟ್ಟಿದ್ದರು. ಕಣ್ಣಿಗೆ ಬಿದ್ದದ್ದನ್ನು ತೂಗದಿದ್ದರೆ ಕೈ ತುರಿಸುವ ಯೋಗನರಸಿಂಹರು ಅದನ್ನೂ ತೂಗಿ, ಏಳು ಕೇಜಿ ಎಂಟುನೂರ ನಲವತ್ತು ಗ್ರಾಂ ಎಂದು ಜೇಬಿನ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಆಮೇಲೆ ಹೆಬ್ಬೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶವೆಂದು ಮೂರು ಗಂಟೆ ಹೋಗಿಬಂದರು. ಬರುವಷ್ಟರಲ್ಲಿ ಡಬ್ಬಿ ಮತ್ತೆ ಗಾಡಿಯ ಹೊಟ್ಟೆ ಸೇರಿತ್ತು. ತಾನು ನೋಡದಿದ್ದ ಆ ಮೂರು ಗಂಟೆ! ಹತ್ತು ತಿಂಗಳು ಅವು ಎಲ್ಲೋ ಸುಮ್ಮನಿದ್ದು, ಪತ್ರಿಕೆಯ ಒಂದು ಮೂಲೆಯ ಸುದ್ದಿಗೆ ಒಮ್ಮೆಗೇ ಎದ್ದು ಕೂತವು. ಊಟಕ್ಕೆ ಕೂತರೆ ಆ ಮೂರು ಗಂಟೆಯೊಳಗೆ ನೂರ್ ಅಹಮದರ ಕೈ ಕಾಣುತ್ತಿತ್ತು, ಆ ಕೈಯಲ್ಲಿ ಗರಗಸ ಕಾಣುತ್ತಿತ್ತು. ಕಾಣದ್ದು ಕಾಣತೊಡಗಿದಾಗ ಕಂಡದ್ದನ್ನು ಮನುಷ್ಯ ಮರೆಯುತ್ತಾನೆ: ಮಳೆಯಲ್ಲಿ ಕ್ಯಾತ್ಸಂದ್ರದ ಬಳಿ ಗಾಡಿ ನಿಂತಾಗ ಹಬ್ಬದ ದಿನವೂ ಸ್ಕೂಟರಿನಲ್ಲಿ ಬಂದು ಮಂಡಿಯೂರಿದ್ದು ಅದೇ ಕೈ ಎಂಬುದನ್ನು.

ಸೋಮವಾರ ನೂರ್ ಅಹಮದರು ಟೀ ಹೀರುತ್ತಲೇ ಗಾಡಿಯ ಸದ್ದಿಗೆ ಕಿವಿಗೊಟ್ಟು, "ಉಸ್ರು ಕಟ್ಟಿದೆ ಸಾರ್. ಒಳಗೆ ಕಟ್ಕೊಂಡಿರ್ಬೇಕು, ಬಿಚ್ಚಿ ನೋಡ್ಬೇಕು," ಎಂದಿದ್ದರು.

"ಬಿಚ್ಚಿ ನೋಡಕ್ಕೆ ಒಳಗೆ ಏನಾದ್ರೂ ಬಿಟ್ಟಿದ್ರೆ ತಾನೇ!" ಎಂದಿದ್ದರು ಯೋಗನರಸಿಂಹರು. ಹನ್ನೊಂದು ವರ್ಷ 'ನೀವು' ಎಂದು ಕರೆದ ಬಾಯಲ್ಲಿ ಮುಂದಿನ ಮಾತು ತಾನೇ ಜಾರಿತ್ತು. "ಜನವರೀಲಿ ಒಳಗಿಂದೆಲ್ಲ ತೆಗ್ದು ಮಾರ್ಕೊಂಡಿದೀಯ ನೀನು. ಕಳ್ಳ."

ಭದ್ರಮ್ಮನ ಸೌಟು ಹಾಲಿನ ಪಾತ್ರೆಯೊಳಗೇ ನಿಂತಿತು. ಶಾಲಾ ವ್ಯಾನುಗಳ ಅಂಜನ್ ಬನ್ನನ್ನು ಬಾಯಿಗೆ ಅರ್ಧ ಇಟ್ಟುಕೊಂಡು ನಿಂತ. ನೂರ್ ಅಹಮದರು ಗ್ಲಾಸನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು ಹೇಳಿದ್ದು ನಾಲ್ಕೇ ಮಾತು. "ಗಾಡಿ ಇಲ್ಲೇ ಬಿಡಿ. ಬುಧ್ವಾರ ನಿಮ್ ಕಣ್ಣೆದುರೇ ಬಿಚ್ತೀನಿ. ತಕ್ಕಡಿ ನೀವೇ ತನ್ನಿ. ಖಾಲಿ ಇದ್ರೆ ಶಟರ್ ಎಳ್ದು ಈ ರಸ್ತೆ ಬಿಟ್ಟು ಹೋಗ್ತೀನಿ." ಖಾಲಿ ಇಲ್ಲದಿದ್ದರೆ ನೀವೇನು ಮಾಡುತ್ತೀರಿ ಎಂದು ಅವರು ಕೇಳಲಿಲ್ಲ. ಕೇಳದೆ ಬಿಟ್ಟ ಆ ಪ್ರಶ್ನೆಯೇ ಎರಡು ದಿನದಿಂದ ಯೋಗನರಸಿಂಹರ ಊಟ ನಿದ್ದೆಗಳಲ್ಲಿ ಓಡಾಡುತ್ತಿತ್ತು.

ಗ್ಯಾರೇಜಿನ ಮುಂದಿನ ಹೊಂಗೆ ಮರದ ನೆರಳು ಖಾಲಿಯಿತ್ತು. ಮಕ್ಕಳನ್ನು ಬಿಟ್ಟುಬಂದ ಮೇಲೆ ಅಂಜನ್‌ನ ಮೂರು ಹಳದಿ ವ್ಯಾನುಗಳು ದಿನವೂ ಅಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಇಂದು ನೆಲದ ಮೇಲೆ ಮೂರು ಎಣ್ಣೆಯ ಕಲೆಗಳು ಮಾತ್ರ ಇದ್ದವು. ಯೋಗನರಸಿಂಹರು ಆ ಕಲೆಗಳನ್ನೂ ಎಣಿಸಿದರು. ಬೇಡವೆಂದರೂ ಎಣಿಸಿದರು.

"ಬನ್ನಿ ಇನ್ಸ್‌ಪೆಕ್ಟ್ರು ಸಾರ್," ಎಂದರು ನೂರ್ ಅಹಮದರು, ಸಿಟ್ಟಿನ ಸುಳಿವೂ ಇಲ್ಲದೆ. ಅದು ಇನ್ನೂ ಕಷ್ಟವಾಯಿತು. "ಮೊದ್ಲು ಬಿಚ್ಚೋದಲ್ಲ. ಮೊದ್ಲು ನಾಡಿ ನೋಡೋದು." ಹೊಗೆಯ ಕೊಳವೆಯ ಮೇಲೆ, ಡಬ್ಬಿಗಿಂತ ಮುಂಚೆ ಇರುವ ಒಂದು ಸಣ್ಣ ಬಿರಡೆಯನ್ನು ತಿರುಗಿಸಿ ತೆಗೆದು, ಅಲ್ಲಿ ಗಡಿಯಾರದಂಥ ಮುಳ್ಳಿನ ಮೀಟರೊಂದನ್ನು ಕೂರಿಸಿದರು. ಅವರ ಹೆಂಡತಿ ಮೆಹರ್ ಬಾನು ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದರು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಗಂಡನದು, ಕಂಪ್ಯೂಟರ್ ಹೆಂಡತಿಯದು ಎಂಬ ಹಂಚಿಕೆ ಆ ರಸ್ತೆಗೆಲ್ಲ ಗೊತ್ತು. ಆಕೆ ಕಾಲು ಒತ್ತಿದಂತೆಲ್ಲ ಮುಳ್ಳು ನೆಗೆದು ಕೆಂಪು ಗೆರೆ ದಾಟಿ ಅಲ್ಲೇ ನಡುಗುತ್ತ ನಿಂತಿತು. "ನೋಡಿ. ಹೊಗೆ ಆಚೆ ಹೋಗಕ್ಕೆ ದಾರಿ ಇಲ್ಲ. ವಾಪಸ್ ಬಂದು ಎಂಜಿನ್ನನ್ನೇ ತಳ್ತಾ ಇದೆ. ಪಾಪ, ಅದೇನ್ ಮಾಡುತ್ತೆ? ಮೂಗು ಹಿಡ್ಕೊಂಡು ಬೆಟ್ಟ ಹತ್ತು ಅಂದ್ರೆ ನೀವು ಹತ್ತೀರಾ?" ಮತ್ತೆ ಪಿಸ್ತೂಲಿನಂಥ ಶಾಖಮಾಪಕವನ್ನು ಡಬ್ಬಿಯ ಮುಂದಕ್ಕೂ ಹಿಂದಕ್ಕೂ ಹಿಡಿದರು. ಮುಂದೆ ಕೆಂಡದಂಥ ಬಿಸಿ, ಹಿಂದೆ ಬೆಚ್ಚಗೆ. "ಉಲ್ಟಾ ಇರ್ಬೇಕು ಸಾರ್. ಒಳಗೆ ಹೊಗೆ ಉರಿದು, ಹಿಂದುಗಡೆನೇ ಜಾಸ್ತಿ ಕಾಯ್ಬೇಕು. ಫುಲ್ ಜಾಮು."

ಜಾಮ್. ಆ ಒಂದು ಮಾತು ಯೋಗನರಸಿಂಹರ ಕಿವಿಯಲ್ಲಿ ಬಿದ್ದು, ಒಳಗೆಲ್ಲೋ ಇದ್ದ ತಕ್ಕಡಿಯ ತಟ್ಟೆ ಟಪ್ಪೆಂದು ಕೆಳಗಿಳಿಯಿತು. ಖಾಲಿ ಡಬ್ಬಿ ಕಟ್ಟಿಕೊಳ್ಳುವುದು ಹೇಗೆ? ಒಳಗಿನದನ್ನು ಯಾರಾದರೂ ತೆಗೆದಿದ್ದರೆ ಹೊಗೆ ಓಡಿ ಹೋಗಬೇಕಿತ್ತು, ಗಾಡಿ ಗರ್ಜಿಸಿಕೊಂಡು ನುಗ್ಗಬೇಕಿತ್ತು. ಕಟ್ಟಿಕೊಂಡಿದೆಯೆಂದರೆ ಕಟ್ಟಿಕೊಳ್ಳುವ ವಸ್ತು ಅಲ್ಲೇ ಇದೆ. ಎಂಟನೆಯ ತರಗತಿಯ ಮಗುವಿಗೆ ಹೊಳೆಯುವ ಸಂಗತಿ, ಮೂವತ್ತೆರಡು ವರ್ಷ ಮೋಸ ಪತ್ತೆ ಹಚ್ಚಿದವನಿಗೆ ಹೊಳೆಯಲಿಲ್ಲ. ಏಕೆಂದರೆ ಅವನು ದೋಷವನ್ನು ಹುಡುಕುತ್ತಿರಲಿಲ್ಲ, ದೋಷಿಯನ್ನು ಹುಡುಕುತ್ತಿದ್ದ. ಆ ಗಳಿಗೆಯಲ್ಲೇ ಸಾಕು ಎನ್ನಬಹುದಿತ್ತು. ಎನ್ನಲಿಲ್ಲ. ಡಬ್ಬಿ ಕಳಚಿ ಬಂತು, ಅವರ ಕೈಗಳು ಅವರನ್ನು ಕೇಳದೆಯೇ ಚೀಲದಿಂದ ತಕ್ಕಡಿ ತೆಗೆದು, ಕೊಕ್ಕೆಗೆ ಹಗ್ಗ ಸಿಕ್ಕಿಸಿ ಡಬ್ಬಿಯನ್ನು ಎತ್ತಿ ಹಿಡಿದವು. ಅಂಕಿ ಕುಣಿದು, ಕುಣಿದು, ನಿಂತಿತು.

"ಓದಿ ಸಾರ್. ಗಟ್ಟಿಯಾಗಿ ಓದಿ."

"ಎಂಟು ಕೇಜಿ... ಅರವತ್ತು ಗ್ರಾಂ."

"ನಿಮ್ ಬುಕ್ಕಲ್ಲಿ?"

"ಏಳು ಎಂಟುನೂರ ನಲವತ್ತು."

"ಮೆಹರ್, ಎಷ್ಟಾಯ್ತು ನೋಡು."

"ಇನ್ನೂರ ಇಪ್ಪತ್ತು ಗ್ರಾಂ ಜಾಸ್ತಿ," ಎಂದರು ಮೆಹರ್ ಬಾನು, ತುಟಿ ಕಚ್ಚಿ ನಗು ತಡೆಯುತ್ತ.

"ಯಾ ಅಲ್ಲಾ!" ನೂರ್ ಅಹಮದರು ಹಣೆಗೆ ಕೈ ಹಚ್ಚಿಕೊಂಡರು. "ನನ್ನಂಥ ಕಳ್ಳನ್ನ ನೋಡಿದೀರಾ ಸಾರ್? ಎಲ್ಲೆಲ್ಲಿಂದ್ಲೋ ಕದ್ದು ತಂದು ಗಿರಾಕಿ ಗಾಡಿಗೆ ತುಂಬ್ಸೋನು!"

ಟಾರ್ಚಿನ ಬೆಳಕಿನಲ್ಲಿ ಡಬ್ಬಿಯ ಬಾಯೊಳಗೆ ಜೇನುಗೂಡು ಇಡಿಯಾಗಿ ಕಂಡಿತು. ಒಂದು ಕಣ್ಣೂ ಕಳುವಾಗಿರಲಿಲ್ಲ. ಕಣ್ಣು ಕಣ್ಣಿಗೂ ಮಸಿ ತುಂಬಿತ್ತು, ಕಾಡಿಗೆ ಹಚ್ಚಿದ ಹಾಗೆ. ಯೋಗನರಸಿಂಹರು ಬಗ್ಗಿ ನೋಡುತ್ತಲೇ ಇದ್ದರು. ನೆಟ್ಟಗೆ ನಿಂತರೆ ಯಾರದಾದರೂ ಮುಖ ನೋಡಬೇಕಾಗುತ್ತಿತ್ತು. ಮಸಿಯ ವಾಸನೆಯ ನಡುವೆ ಎಲ್ಲಿಂದಲೋ ಹುಣಸೆಹಣ್ಣಿನ ವಾಸನೆ ಬಂತು. ಅಮೃತೂರಿನ ಸಂತೆ, ಮೂವತ್ತೈದು ವರ್ಷದ ಹಿಂದಿನ ಮಧ್ಯಾಹ್ನ, ಗೋಣಿತಾಟಿನ ಮೇಲೆ ಹುಣಸೆಹಣ್ಣು ಗುಡ್ಡೆ ಹಾಕಿಕೊಂಡು ಕೂತ ನಿಂಗಮ್ಮ ಎಂಬ ಹೆಂಗಸು. ಅವಳ ಒಂದು ಕೇಜಿಯ ತೂಕದ ಬಟ್ಟನ್ನು ಎತ್ತಿ ತಿರುವಿದಾಗ ತಳದಲ್ಲಿ ಹುಣಸೆಯ ಅಂಟು ಕಲ್ಲಿನಂತೆ ಒಣಗಿ ಕೂತಿತ್ತು. ನಲವತ್ತು ಗ್ರಾಂ ಹೆಚ್ಚು. ಅಂದರೆ ಕೊಂಡವರಿಗೆಲ್ಲ ಅವಳು ನಲವತ್ತು ಗ್ರಾಂ ಹೆಚ್ಚಿಗೆ ಕೊಡುತ್ತಲೇ ಬಂದಿದ್ದಳು. ಆಗಿನ್ನೂ ಹೊಸ ಇನ್ಸ್‌ಪೆಕ್ಟರಾಗಿದ್ದ ಯೋಗನರಸಿಂಹರು ಬಟ್ಟನ್ನು ಮೇಲೆತ್ತಿ ಹಿಡಿದು, "ತೂಕ ಸರಿಯಿಲ್ಲ, ಜಪ್ತಿ" ಎಂದಷ್ಟೇ ಹೇಳಿದರು. ಜನ ಸೇರಿದರು. "ಕಳ್ತೂಕದೋಳು" ಎಂದು ಯಾರೋ ಉಗಿದರು. ತೂಕ ಯಾವ ಕಡೆಗೆ ತಪ್ಪಿದೆಯೆಂದು ಇನ್ಸ್‌ಪೆಕ್ಟರು ಹೇಳಲಿಲ್ಲ. ತಪ್ಪು ಎಂದರೆ ತಪ್ಪು, ಕಾನೂನಿಗೆ ಕಡೆಯಿಲ್ಲ ಎಂದು ತಮ್ಮೊಳಗೇ ಅಂದುಕೊಂಡರು. "ಜಾಸ್ತಿ ಕೊಟ್ಟಿದ್ದೂ ತಪ್ಪಾ ಸ್ವಾಮಿ?" ಎಂದು ನಿಂಗಮ್ಮ ಕೇಳಿದಾಗ ಅವರು ಆಗಲೇ ಪಕ್ಕದ ಅಂಗಡಿಯ ತಕ್ಕಡಿಗೆ ಬಗ್ಗಿದ್ದರು. ಈಗ ಬಗ್ಗಿದ ಹಾಗೆಯೇ.

"ಕೊಳೆ ಎಲ್ಲಿಂದ ಬಂತು ಅಂತ ಗೊತ್ತಾಗ್ದೆ ತೊಳ್ದು ಏನ್ ಪ್ರಯೋಜ್ನ?" ಎಂದರು ಮೆಹರ್ ಬಾನು, ಲ್ಯಾಪ್‌ಟಾಪಿನ ತಂತಿಯನ್ನು ಗಾಡಿಗೆ ಸಿಕ್ಕಿಸುತ್ತ. "ತಿಂಗಳು ಬಿಟ್ಟು ಮತ್ತೆ ಕಟ್ಕೊಳುತ್ತೆ." ಅವರು ತೆರೆಯನ್ನು ನೋಡಿದರು, ಯೋಗನರಸಿಂಹರನ್ನು ನೋಡಿದರು, ಮತ್ತೆ ತೆರೆಯನ್ನು ನೋಡಿದರು. "ಸಾರ್, ಬೇಜಾರ್ ಮಾಡ್ಕೋಬೇಡಿ, ಒಂದ್ ವಿಷ್ಯ ಕೇಳ್ತೀನಿ. ಎಷ್ಟರಲ್ಲಿ ಓಡ್ಸ್ತೀರಾ ಗಾಡೀನ?"

"ಮೂವತ್ತೈದು. ರಸ್ತೆ ಖಾಲಿ ಇದ್ರೆ ನಲವತ್ತು." ಇದನ್ನು ಹೇಳುವಾಗ ಅವರ ಬೆನ್ನು ಅಭ್ಯಾಸಬಲದಿಂದ ನೆಟ್ಟಗಾಯಿತು. "ಯಾವತ್ತೂ ಎಂಜಿನ್ನಿಗೆ ಹಿಂಸೆ ಕೊಟ್ಟಿಲ್ಲ ನಾನು."

"ಎಲ್ಲಿಗೆ ಹೋಗ್ತೀರಾ?"

"ಮಾರ್ಕೆಟ್ಟು. ಲೈಬ್ರರಿ. ಗುರುವಾರ ಮಠ."

"ಮನೆ ಹತ್ರ ನಿಲ್ಲಿಸ್ದಾಗ ಕೆಲವು ಸಲ ಫ್ಯಾನು ಜೋರಾಗಿ ತಿರುಗೋದು, ಸದ್ದು ಏರೋದು, ಏನೋ ಸುಟ್ಟ ವಾಸ್ನೆ..."

"ಹೌದು! ಡೀಸೆಲ್ ಸುಮ್ನೆ ಪೋಲಾಗುತ್ತೆ. ತಕ್ಷಣ ಆಫ್ ಮಾಡ್ತೀನಿ."

ಮೆಹರ್ ಬಾನು ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದರು. "ಅದು ಪೋಲಲ್ಲ ಸಾರ್. ಗಾಡಿ ತನ್ನೊಳಗಿನ ಮಸೀನ ತಾನೇ ಸುಟ್ಟು ಕ್ಲೀನ್ ಮಾಡ್ಕೊಳೋದು ಹಾಗೇನೇ. ನಿಧಾನಕ್ಕೆ ಓಡಿದ್ರೆ ಬಿಸಿ ಏರಲ್ಲ, ಮಸಿ ಸುಡಲ್ಲ. ಇಪ್ಪತ್ತೇಳು ಸಲ ಇದು ಶುರು ಮಾಡ್ಕೊಂಡಿದೆ. ಇಪ್ಪತ್ತೇಳು ಸಲಾನೂ ಮಧ್ಯದಲ್ಲಿ ಆಫ್ ಮಾಡಿದೀರ. ಲೈಟೂ ತೋರ್ಸಿರ್ಬೇಕಲ್ಲ?" ಮೀಟರಿನ ಗಾಜಿನ ಮೇಲೆ ಆಯುಧಪೂಜೆಯ ದಿನ ಕಮಲಾಕ್ಷಮ್ಮ ಇಟ್ಟ ಗಂಧ ಕುಂಕುಮದ ಬೊಟ್ಟು ಒಣಗಿ ಅಂಟಿತ್ತು. ಮೆಹರ್ ಬಾನು ಗಂಡನ ಕಡೆ ನೋಡಿ, ಯೋಗನರಸಿಂಹರ ಕಡೆ ನೋಡಿ, "ಒರೆಸ್ಲಾ ಸಾರ್?" ಎಂದು ಅನುಮತಿ ಕೇಳಿ, ಒದ್ದೆ ಬಟ್ಟೆಯಿಂದ ಮೃದುವಾಗಿ ಒರೆಸಿದರು. ಬೊಟ್ಟಿನ ಹಿಂದೆ ಹಳದಿ ದೀಪವೊಂದು ಉರಿಯುತ್ತಿತ್ತು. ಎಷ್ಟು ದಿನದಿಂದಲೋ. ಸಂಜೆಯ ಹೊತ್ತು ಆ ಕುಂಕುಮ ಒಳಗಿನಿಂದ ಬೆಳಗುವಂತೆ ಕಾಣುವುದನ್ನು ಯೋಗನರಸಿಂಹರು ಹಲವು ಸಲ ಗಮನಿಸಿದ್ದರು. ಏನೋ ದೈವಕಳೆಯೆಂದು ಮನಸ್ಸಿನಲ್ಲೇ ಸಂತೋಷಪಟ್ಟಿದ್ದರು ಕೂಡ.

ಹಾಗಾದರೆ ಇದು. ಹಿಂಸೆ ಕೊಡದ, ಪೋಲು ಮಾಡದ, ನಲವತ್ತು ದಾಟದ ಅವರ ಶುದ್ಧ ಬಾಳೇ ಕಣ ಕಣವಾಗಿ ಕೂತು ಇನ್ನೂರ ಇಪ್ಪತ್ತು ಗ್ರಾಂ ಆಗಿತ್ತು. ಯೋಗನರಸಿಂಹರಿಗೆ ಅಳು ಬರಬೇಕಿತ್ತು. ಬಂದದ್ದು ನಗು, ಗಂಟಲಲ್ಲಿ ಸಣ್ಣಗೆ ಕಚಗುಳಿಯಿಟ್ಟಂತೆ. ಅದನ್ನು ನುಂಗಿ, ನೂರ್ ಅಹಮದರ ಹತ್ತಿರ ಸರಿದು, ಯಾರಿಗೂ ಕೇಳದಷ್ಟು ಮೆತ್ತಗೆ, "ನೂರ್ ಸಾಬ್ರೇ, ಮೊನ್ನೆದನ್ನ ಮನಸ್ಸಲ್ಲಿ..." ಎಂದು ಶುರುಮಾಡಿದರು. ನೂರ್ ಅಹಮದರು ಕಂಪ್ರೆಸರ್ ಗುಂಡಿ ಒತ್ತಿದರು. ಬುಸ್ಸೆಂದು ಗಾಳಿ ನುಗ್ಗಿ ಮಾತೆಲ್ಲ ಹಾರಿಹೋಯಿತು. ಮತ್ತೆ ಪ್ರಯತ್ನಿಸಿದರು. ಮತ್ತೆ ಬುಸ್ಸೆಂದಿತು.

ಮೆಹರ್ ಬಾನು ತೆರೆಯಿಂದ ಕಣ್ಣೆತ್ತದೆ ಹೇಳಿದರು. "ಅವ್ರಿಗೆ ಈ ಕಡೆ ಕಿವಿ ಮಂದ ಸಾರ್. ಟೀ ಅಂಗ್ಡಿ ಕಡೆ ಕಿವಿ ಚುರುಕು."

ಆ ಸಂಜೆ ಮನೆಯಲ್ಲಿ ಎಲ್ಲವನ್ನೂ ಕೇಳಿದ ಕಮಲಾಕ್ಷಮ್ಮ ಸೊಪ್ಪು ಬಿಡಿಸುವುದನ್ನು ಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಬೊಟ್ಟು ಇಟ್ಟವಳು ನಾನು ಸರಿ. ಒಂದು ಸಲ ಒರೆಸಿ ನೋಡಬಾರದಿತ್ತಾ ನೀವು? ಊರಿನ ತಕ್ಕಡಿಗಳ ತಳ ಎಲ್ಲ ತಿರುವಿ ನೋಡಿದೋರು!" ಆಮೇಲೆ ನಗು ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಬೇರೆಯೇ ದನಿಯಲ್ಲಿ ಹೇಳಿದರು. "ಅಂಜನ್ ವ್ಯಾನು ಇವತ್ತು ಬೇರೆ ಗ್ಯಾರೇಜಿನ ಮುಂದೆ ನಿಂತಿತ್ತು. ಮಾರ್ಕೆಟ್ಟಿಂದ ಬರ್ತಾ ನೋಡಿದೆ. ಅದು ನಿಮ್ಮ ತೂಕಕ್ಕೆ ಬರುತ್ತಾ ಇಲ್ಲವಾ, ನನಗೆ ಗೊತ್ತಿಲ್ಲ."

ಗುರುವಾರ ಮಧ್ಯಾಹ್ನದ ಹೊತ್ತಿಗೆ ಡಬ್ಬಿ ರಾತ್ರಿಯೆಲ್ಲ ಔಷಧದ ನೀರಿನಲ್ಲಿ ನೆನೆದು, ಹಿಂಬದಿಯಿಂದ ನೀರು ಹೊಡೆಸಿಕೊಂಡು, ಗಾಳಿಗೂ ಬಿಸಿಲಿಗೂ ಒಣಗಿ ಬೆಳ್ಳಗೆ ಕೂತಿತ್ತು. ಜೇನುಗೂಡಿನ ಈ ಕಡೆಯಿಂದ ನೋಡಿದರೆ ಆ ಕಡೆಯ ಆಕಾಶ ಚೂರು ಚೂರಾಗಿ ಕಾಣುತ್ತಿತ್ತು. ಮತ್ತೆ ತೂಗಲೇಬೇಕೆಂದು ಹಠ ಹಿಡಿದವರು ಈ ಸಲ ನೂರ್ ಅಹಮದರು. ಏಳು ಕೇಜಿ ಎಂಟುನೂರ ಇಪ್ಪತ್ತು. ಜನವರಿಗಿಂತಲೂ ಇಪ್ಪತ್ತು ಗ್ರಾಂ ಕಡಿಮೆ.

"ಬರ್ಕೊಳಿ ಸಾರ್, ಬರ್ಕೊಳಿ! ಇಪ್ಪತ್ತ್ ಗ್ರಾಂ ನಾನ್ ತಿಂದೆ."

ಡಬ್ಬಿ ಗಾಡಿಗೇರಿತು. ಮುಳ್ಳಿನ ಮೀಟರ್ ಈಗ ಎಷ್ಟು ಒತ್ತಿದರೂ ತಳದಲ್ಲೇ ಮಲಗಿತ್ತು. ಆದರೂ ಮೂಲೆಯಲ್ಲಿ ಉಳಿದ ಮಸಿಯನ್ನು ರಸ್ತೆಯ ಮೇಲೆಯೇ ಸುಡಬೇಕು, ಅರ್ಧ ಗಂಟೆ ಎಂಬತ್ತಕ್ಕೆ ಕಡಿಮೆಯಿಲ್ಲದಂತೆ, ಒಂದು ಗೇರು ಕೆಳಗೇ ಇಟ್ಟು ಎಂಜಿನ್ನಿನ ಕೂಗು ಇಳಿಯದಂತೆ ಓಡಿಸಬೇಕು, ಅದೂ ಮಾಲೀಕರೇ ಓಡಿಸಬೇಕು ಎಂದು ಮೆಹರ್ ಬಾನು ತೀರ್ಪು ಕೊಟ್ಟರು. ಸುದ್ದಿ ತಿಳಿದು ಆಟೋದಲ್ಲಿ ಬಂದಿಳಿದ ಕಮಲಾಕ್ಷಮ್ಮ, "ಇವರು ಎಂಬತ್ತರಲ್ಲಿ ಓಡಿಸೋದನ್ನ ನೋಡದೆ ನಾನಂತೂ ಸಾಯಲ್ಲ," ಎಂದು ಹಿಂದಿನ ಸೀಟಿನಲ್ಲಿ ಮೆಹರ್ ಬಾನು ಪಕ್ಕ ಕೂತೇಬಿಟ್ಟರು. ನೂರ್ ಅಹಮದರು ಮುಂದೆ, ಯೋಗನರಸಿಂಹರ ಪಕ್ಕ ಕೂತರು.

ಗುಬ್ಬಿಯ ಹೆದ್ದಾರಿ ಬಿಸಿಲಲ್ಲಿ ಉದ್ದಕ್ಕೆ ಬಿದ್ದಿತ್ತು. ಐವತ್ತಕ್ಕೆ ಯೋಗನರಸಿಂಹರ ಅಂಗೈ ಬೆವರಿತು. ಅರವತ್ತಕ್ಕೆ ಅವರು ಉಸಿರು ಹಿಡಿದರು. "ಕಾಲು ತೆಗೀಬೇಡಿ ಸಾರ್!" ಎಪ್ಪತ್ತು. ಎಂಜಿನ್ ಹಾಡುತ್ತಿತ್ತು, ಐದು ವರ್ಷ ಜೊತೆಗಿದ್ದರೂ ಅದರ ಆ ದನಿಯನ್ನು ಅವರು ಕೇಳಿರಲೇ ಇಲ್ಲ. ಎಂಬತ್ತು. ಹೆಗ್ಗೆರೆ ಹೋಯಿತು, ಮಲ್ಲಸಂದ್ರ ಹೋಯಿತು. ತೆಂಗಿನಕಾಯಿ ಹೇರಿದ ಮೊಪೆಡ್ಡೊಂದು ಮುಂದೆ ಕಂಡು, ಪಕ್ಕಕ್ಕೆ ಬಂದು, ಹಿಂದೆ ಸರಿಯಿತು. ಅದೇ ಮೊಪೆಡ್ಡೋ ಬೇರೆಯದೋ. ಯೋಗನರಸಿಂಹರು ನೀತಿವಂತರಾದ್ದರಿಂದ ತಲೆಯಾಡಿಸಲಿಲ್ಲ. ಆಡಿಸಬೇಕೆನಿಸಿದ್ದು ಮಾತ್ರ ನಿಜ. "ಏರ್ತಾ ಇದೆ, ಬಿಸಿ ಏರ್ತಾ ಇದೆ," ಎಂದು ಮೆಹರ್ ಬಾನು ಹಿಂದಿನಿಂದ ಕ್ರಿಕೆಟ್ ವರದಿಯಂತೆ ಕೂಗುತ್ತಿದ್ದರು. "ಸುಡ್ತಾ ಇದೆ! ಬಿಡ್ಬೇಡಿ!" ಕಮಲಾಕ್ಷಮ್ಮ ಕಿಟಕಿ ಇಳಿಸಿ, ಸೆರಗು ಹಾರುತ್ತಿದ್ದರೂ ಬಿಟ್ಟುಕೊಂಡು ಕೂತಿದ್ದರು. ಗುಬ್ಬಿ ದಾಟಿತು. ಕಾಲು ತೆಗೆಯುವಂತಿಲ್ಲ, ಗಾಡಿ ನಿಲ್ಲಿಸುವಂತಿಲ್ಲ, ಬಗ್ಗಿ ಬೇರೇನನ್ನೋ ನೋಡುವಂತಿಲ್ಲ. ಹೀಗೆ ಸಿಕ್ಕಿಬಿದ್ದ ಮನುಷ್ಯನ ಬಾಯಿಂದ ಅಮೃತೂರಿನ ಸಂತೆ ತಾನಾಗಿಯೇ ಹೊರಗೆ ಬಂತು. ಹುಣಸೆಯ ಅಂಟು, ನಲವತ್ತು ಗ್ರಾಂ, ಉಗಿದ ಜನ, ತಾವು ಹೇಳದೆ ಉಳಿಸಿಕೊಂಡ ಒಂದೇ ಒಂದು ವಾಕ್ಯ. ಹೆಂಡತಿಗೂ ಹೇಳಿರದಿದ್ದುದನ್ನು ಎಂಜಿನ್ನಿನ ಸದ್ದಿಗಿಂತ ಮೇಲೆ ಕೂಗಿ ಕೂಗಿ ಹೇಳಿದರು.

"ಇದನ್ನ ನನ್ ಹತ್ರ ಹೇಳಿ ಏನ್ ಬಂತು ಸಾರ್?" ಎಂದರು ನೂರ್ ಅಹಮದರು. "ಅಮೃತೂರು ಈ ರಸ್ತೇಲಿಲ್ಲ."

"ವಾರಕ್ಕೊಂದ್ ಸಲ ಹೀಗೆ ಓಡ್ಸ್ಲೇಬೇಕು," ಎಂದರು ಮೆಹರ್ ಬಾನು. "ಕುಣಿಗಲ್ ಕಡೆ ಹೋದ್ರೂ ಆಗುತ್ತೆ."

"ಭಾನುವಾರ," ಎಂದರು ಕಮಲಾಕ್ಷಮ್ಮ. ತೀರ್ಮಾನವಾಗಿ ಹೋಯಿತು.

ಮರಳಿ ಗುಬ್ಬಿ ಗೇಟಿಗೆ ಬಂದಾಗ ಎರಡೂವರೆ. ಹಳದಿ ದೀಪ ಆರಿತ್ತು. ಯೋಗನರಸಿಂಹರು ಕಾರಿನಿಂದಿಳಿದು ನೇರ ಭದ್ರಮ್ಮನ ಅಂಗಡಿಗೆ ನಡೆದು, ಅಲ್ಲಿದ್ದವರನ್ನು ಎಣಿಸಿದರು. ಮೂವರು. "ಸೋಮವಾರ ಏಳು ಜನ ಇದ್ರಿ. ಉಳಿದೋರು ಬರ್ಲಿ, ಕಾಯ್ತೀನಿ," ಎಂದು ಕಟ್ಟೆಯ ಮೇಲೆ ಕೂತರು. ಭದ್ರಮ್ಮ ಫೋನು ಮಾಡಿದರು, ದಾರಿಹೋಕರ ಬಾಯಲ್ಲಿ ಹೇಳಿ ಕಳಿಸಿದರು. ಮೂರು ಗಂಟೆಗೆ ಐವರಾದರು, ಮೂರೂವರೆಗೆ ಆರು. ಯೋಗನರಸಿಂಹರದು ಅಷ್ಟು ಹೊತ್ತಿಗೆ ನಾಲ್ಕು ಟೀ ಆಗಿತ್ತು. ನಡುನಡುವೆ ಒಳಗಿನ ಹಳೆಯ ಮನುಷ್ಯ ಪಿಸುಗುಟ್ಟುತ್ತಿದ್ದ: ಆರು ಸಾಲದೇ? ಸಾಲದು. ಏಳನೆಯವನು ಅಂಜನ್, ಅವನ ಕಿವಿಗೆ ಬಿದ್ದ ಮಾತೇ ಮೂರು ವ್ಯಾನುಗಳನ್ನು ಎಳೆದೊಯ್ದದ್ದು. ನಾಲ್ಕೂಕಾಲಿಗೆ ಮಕ್ಕಳನ್ನೆಲ್ಲ ಇಳಿಸಿದ ಹಳದಿ ವ್ಯಾನು ಬಂದು ನಿಂತಿತು. ಯೋಗನರಸಿಂಹರು ಎದ್ದರು. ಜೇಬಿನ ಪುಸ್ತಕ ತೆರೆದು, ಸಂತೆಯಲ್ಲಿ ಎಂದೂ ಬಾರದಿದ್ದ ದೊಡ್ಡ ದನಿಯಲ್ಲಿ, ಅಂಕಿ ಅಂಕಿಯಾಗಿ ಹೇಳಿದರು.

"ಸೋಮವಾರ ಇದೇ ಜಾಗದಲ್ಲಿ ನಾನು ನೂರ್ ಅಹಮದ್ರನ್ನ ಕಳ್ಳ ಅಂದೆ. ಜನವರೀಲಿ ಏಳು ಎಂಟುನೂರ ನಲವತ್ತು ಇತ್ತು. ನಿನ್ನೆ ಬಿಚ್ಚಿದಾಗ ಎಂಟು ಕೇಜಿ ಅರವತ್ತು. ಅವರು ಒಂದು ಗ್ರಾಮೂ ತೆಗೆದಿಲ್ಲ. ಜಾಸ್ತಿ ಇದ್ದದ್ದು ಮಸಿ. ಆ ಮಸಿ ನಾನು ಗಾಡಿ ಓಡಿಸಿದ ರೀತಿಯಿಂದ ಬಂದದ್ದು. ತಪ್ಪು ನಂದು. ನೂರ್ ಸಾಬ್ರೇ, ನನ್ನನ್ನ ಕ್ಷಮಿಸಿ."

ಅಂಜನ್ ತಲೆ ಕೆರೆದುಕೊಂಡ. "ಅಯ್ಯೋ, ಇಷ್ಟೇನಾ ಸಾರ್? ನಾನು ಇನ್ಸ್‌ಪೆಕ್ಟ್ರು ಹೇಳಿದ್ ಮೇಲೆ ನಿಜಾನೇ ಇರುತ್ತೆ ಅಂತ..." ಮಾತು ಮುಗಿಸದೆ, ನೂರ್ ಅಹಮದರ ಮುಖ ನೋಡಲಾರದೆ, ವ್ಯಾನಿಗೆ ಹೋಗಿ ಕೂತ. ವ್ಯಾನು ಹಿಂದಕ್ಕೆ ಸರಿದು, ತಿರುಗಿ, ಹೊಂಗೆಯ ನೆರಳಿನಲ್ಲಿ ತನ್ನ ಹಳೆಯ ಎಣ್ಣೆ ಕಲೆಯ ಮೇಲೆಯೇ ಬಂದು ನಿಂತಿತು.

"ಭದ್ರಮ್ಮ, ಇನ್ಸ್‌ಪೆಕ್ಟ್ರಿಗೆ ಅರ್ಧ ಟೀ ಕೊಡಿ," ಎಂದರು ನೂರ್ ಅಹಮದರು. ಅವರ ಎರಡೂ ಕಿವಿ ಈಗ ಚುರುಕಾಗಿದ್ದವು.

"ಅರ್ಧ ಅಂದ್ರೆ ಎಷ್ಟು ಎಂ.ಎಲ್. ಅಂತ ಕೇಳ್ತಾರೆ, ಬುಡಿ," ಎಂದರು ಭದ್ರಮ್ಮ. "ಪೂರ್ತಿನೇ ಕೊಡ್ತೀನಿ."

ಯೋಗನರಸಿಂಹರು ಐದನೆಯ ಟೀಯನ್ನು ಅಳೆಯದೆ ಕುಡಿದರು. ಭಾನುವಾರ ಅವರು ಎಂಬತ್ತರಲ್ಲಿ ಕುಣಿಗಲ್ ಕಡೆಗೆ ಹೋಗುತ್ತಾರೆ, ಅಲ್ಲಿಂದ ಅಮೃತೂರಿಗೆ. ನಿಂಗಮ್ಮ ಸಿಗಬಹುದು, ಸಿಗದಿರಬಹುದು, ಸಂತೆಯಂತೂ ಸಿಗುತ್ತದೆ. ಹೇಳಬೇಕಾದ ವಾಕ್ಯ ಸಿದ್ಧವಾಗಿದೆ.

ಇನ್ನು ನಿಮ್ಮ ಮಾತು. ಇಷ್ಟು ಓದುವಾಗ ನಿಮಗೊಂದು ಹೆಸರು ನೆನಪಾಗಿದೆ, ಇಲ್ಲವೆನ್ನಬೇಡಿ. ಆ ಹೆಸರಿನವರು ಇರುವ ಬೀದಿಯೂ ನಿಮಗೆ ಗೊತ್ತು, ಅಂದು ಅಲ್ಲಿ ನಿಂತಿದ್ದವರೂ ಗೊತ್ತು. ದಯವಿಟ್ಟು ಈ ಪುಸ್ತಕವನ್ನು ಕೆಳಗಿಟ್ಟು ಏಳಿ. ಅಲ್ಲಿಗೆ ಹೋಗಿ, ಅಷ್ಟೂ ಜನ ಸೇರುವ ತನಕ ಕಾಯಿರಿ, ಒಬ್ಬರೂ ಕಡಿಮೆಯಾಗದಂತೆ ಎಣಿಸಿ, ಗಟ್ಟಿಯಾಗಿ ಹೇಳಿಬನ್ನಿ.